ಆ ಹಳದಿ ಚೀಟಿ ಬಿಸಾಡಬೇಡಿ

ಹೋದ ತಿಂಗಳು ಆರ್‌ಟಿಇ ಸೀಟಿನ ಬಗ್ಗೆ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟಿನ ಬಗ್ಗೆ, ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಈ ಸಲ ಅಂಕಣ ಪೂರ್ತಿ ಅದಕ್ಕೇ ಬಿಡಬೇಕು ಅನ್ನಿಸಿತು. ಹೊಸ ಓದುಗರಿಗೆ ನನ್ನ ಪರಿಚಯ: 31 ವರ್ಷ ಶಿಕ್ಷಣ ಇಲಾಖೆಯ ಕಚೇರಿಗಳಲ್ಲಿ ಗುಮಾಸ್ತಳಾಗಿದ್ದೆ. ಕೊನೆಯ ಏಳು ವರ್ಷ ಒಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಆರ್‌ಟಿಇ ಟೇಬಲ್ ನನ್ನದು. ಖಾಸಗಿ ಶಾಲೆಗಳಿಗೆ ಸರ್ಕಾರ ಕೊಡುವ ಶುಲ್ಕ ಮರುಪಾವತಿಯ ಬಿಲ್ಲುಗಳು ನನ್ನ ಕೈ ದಾಟಿಯೇ ಖಜಾನೆಗೆ ಹೋಗುತ್ತಿದ್ದವು. ಮಾಸ್ತರಿಕೆ ಗೊತ್ತಿಲ್ಲ, ಕಡತ ಗೊತ್ತು.

ಮೇಡಂ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳಿಗೆ 2018ರಲ್ಲಿ ಆರ್‌ಟಿಇಯಲ್ಲಿ ಎಲ್‌ಕೆಜಿ ಸೀಟು ಸಿಕ್ಕಿತು. ಈಗ 6ನೇ ಕ್ಲಾಸು. ಜೂನ್‌ನಲ್ಲಿ ಶಾಲೆಯವರು 6,500 ರೂಪಾಯಿ ಕೇಳಿದರು. ಸ್ಮಾರ್ಟ್ ಕ್ಲಾಸು, ಆಕ್ಟಿವಿಟಿ ಅಂದರು. 3,000 ಕೊಟ್ಟೆ. ರಸೀದಿ ಕೇಳಿದರೆ ಒಂದು ಹಳದಿ ಚೀಟಿಯ ಮೇಲೆ ಪೆನ್ನಲ್ಲಿ ‘3,000, ಬಾಕಿ 3,500’ ಅಂತ ಗೀಚಿ ಕೊಟ್ಟರು. ಸರ್ಕಾರದ ದುಡ್ಡು ಬಂದೇ ಇಲ್ಲ, ನಿಮ್ಮ ಮಕ್ಕಳನ್ನು ಧರ್ಮಕ್ಕೆ ಓದಿಸ್ತಿದ್ದೀವಿ ಅಂತಾರೆ. ನಿಜಾನಾ?
— ಒಬ್ಬ ತಾಯಿ, ತಿಪಟೂರು

ಮೊದಲು ಆ ಹಳದಿ ಚೀಟಿಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಡಿ. ಬಿಸಾಡಬೇಡಿ. ಸೀಲಿಲ್ಲ, ಸಹಿಯಿಲ್ಲ ಅಂತ ಬೇಜಾರಾಗಬೇಡಿ. ಅಕ್ಷರ ಅವರದ್ದೇ ತಾನೇ?

ಧರ್ಮಕ್ಕೆ ಅನ್ನುವ ಮಾತು ಸುಳ್ಳು. ನಿಮ್ಮ ಮಗಳ ಹೆಸರಿನಲ್ಲಿ ಸರ್ಕಾರ ಆ ಶಾಲೆಗೆ ದುಡ್ಡು ಕೊಡುತ್ತದೆ. ನಾನು ಆ ಟೇಬಲ್ಲಿಗೆ ಬಂದಾಗ 1ನೇ ತರಗತಿಯಿಂದ ಮೇಲೆ ವರ್ಷಕ್ಕೆ ಗರಿಷ್ಠ 11,848 ರೂಪಾಯಿ, ಎಲ್‌ಕೆಜಿ ಯುಕೆಜಿಗೆ 5,924 ರೂಪಾಯಿ ಇತ್ತು. ಆಮೇಲೆ ಅದು 16,000 ಮತ್ತು 8,000 ಆಯಿತು. ಶಾಲೆ ಮಕ್ಕಳ ಪಟ್ಟಿ ಕಳಿಸುತ್ತದೆ. ಅದನ್ನು ಇಲಾಖೆ ಪ್ರತಿ ಮಗುವಿಗೂ ಕೊಡುವ ಸ್ಯಾಟ್ಸ್ ನಂಬರಿನ ಜೊತೆ ತಾಳೆ ನೋಡುತ್ತಾರೆ. ಆಮೇಲೆ ಕಂತಿನಲ್ಲಿ ದುಡ್ಡು ಶಾಲೆಯ ಖಾತೆಗೆ ಬೀಳುತ್ತದೆ. ತಡ ಆಗುತ್ತದೆ, ಅದು ಬೇರೆ ಮಾತು. ಬರುವುದೇ ಇಲ್ಲ ಅನ್ನುವುದಲ್ಲ.

ಇನ್ನು ಆ 6,500. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ 12(1)(ಸಿ) ಕಲಮಿನಲ್ಲಿ ಸೇರಿದ ಮಗುವಿಗೆ 8ನೇ ತರಗತಿ ಮುಗಿಯುವ ತನಕ ಶಿಕ್ಷಣ ಉಚಿತ. 3ನೇ ಕಲಮು ಇನ್ನೂ ಸ್ಪಷ್ಟ: ಓದು ಮುಗಿಸಲು ಅಡ್ಡಿಯಾಗುವಂಥ ಯಾವ ಶುಲ್ಕವನ್ನೂ, ಖರ್ಚನ್ನೂ ಮಗುವಿನಿಂದ ಕೇಳುವಂತಿಲ್ಲ. ಕ್ಲಾಸಿನ ಗೋಡೆಗೆ ಹಾಕಿದ ಸ್ಮಾರ್ಟ್ ಬೋರ್ಡು ಪಾಠದ ಭಾಗ. ಅದನ್ನು ಬಿಟ್ಟು ನಿಮ್ಮ ಮಗಳು ಕಣ್ಣು ಮುಚ್ಚಿ ಕೂರಬೇಕಾ? ವ್ಯಾನಿನ ಬಾಡಿಗೆ ಬೇರೆ, ಅದು ನೀವಾಗಿ ಬೇಕು ಅಂತ ಕೇಳಿ ತಗೊಳ್ಳುವ ಸೌಲಭ್ಯ. ಎರಡನ್ನೂ ಒಂದೇ ಚೀಟಿಯಲ್ಲಿ ಕಲಸುವುದು ಶಾಲೆಗಳ ಹಳೇ ಚಾಳಿ. ಅದಕ್ಕೇ ಬಾಬ್ತು ಬಿಡಿಸಿ ಬರೆದ ರಸೀದಿ ಕೇಳಬೇಕು.

ಈಗ ಮಾಡುವುದೇನು? ಬಿಳಿ ಹಾಳೆಯಲ್ಲಿ ಬಿಇಒ ಅವರಿಗೆ ಅರ್ಜಿ ಬರೆಯಿರಿ. ನಾಲ್ಕು ಸಾಲು ಸಾಕು. ಮಗಳ ಹೆಸರು, ತರಗತಿ, ಸ್ಯಾಟ್ಸ್ ನಂಬರ್, ಶಾಲೆಯ ಹೆಸರು. ‘ಆರ್‌ಟಿಇ ಅಡಿ ದಾಖಲಾದ ನನ್ನ ಮಗಳಿಂದ ಶಾಲೆಯು ಇಂಥ ದಿನ 3,000 ರೂಪಾಯಿ ಪಡೆದಿದೆ, ಚೀಟಿಯ ಪ್ರತಿ ಲಗತ್ತಿಸಿದೆ, ವಾಪಸ್ ಕೊಡಿಸಿ, ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಿ.’ ಹಿಂಬರಹ ಅಂದರೆ ಕಚೇರಿ ಕೊಡುವ ಲಿಖಿತ ಉತ್ತರ. ಅಷ್ಟೇ. ಸರ್ಕಾರದ ಮೇಲೆ, ಶಿಕ್ಷಣದ ವ್ಯಾಪಾರೀಕರಣದ ಮೇಲೆ ಪ್ರಬಂಧ ಬೇಡ. ಮೂರು ಪುಟದ ಅರ್ಜಿ ಬಂದರೆ ಗುಮಾಸ್ತರು ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ.

ಎರಡು ಪ್ರತಿ ಒಯ್ಯಿರಿ. ಕಚೇರಿಯ ಟಪಾಲು ಟೇಬಲ್ಲಿನಲ್ಲಿ ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಳ್ಳಿ. ‘ಸಾಹೇಬರಿಲ್ಲ, ನಾಳೆ ಬನ್ನಿ’ ಅಂತಾರೆ. ‘ಸಾಹೇಬರು ಬೇಡ ಸಾರ್, ಸೀಲು ಸಾಕು’ ಅನ್ನಿ. ಅಲ್ಲಿಂದ ಲೆಕ್ಕ ಶುರು. ಕಾಯ್ದೆಯ 32ನೇ ಕಲಮಿನ ಪ್ರಕಾರ ಇಂಥ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆಗದಿದ್ದರೆ ಅದೇ ಸೀಲಿನ ಪ್ರತಿ ಇಟ್ಟುಕೊಂಡು ಬೆಂಗಳೂರಿನ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಸೀಲಿಲ್ಲದೆ ಹೋದರೆ ನೀವು ಅರ್ಜಿ ಕೊಟ್ಟಿದ್ದಕ್ಕೆ ದೇವರೊಬ್ಬನೇ ಸಾಕ್ಷಿ.

ಸರ್ಕಾರದ ದುಡ್ಡು ಬಂದಿದೆಯೋ ಇಲ್ಲವೋ ಅಂತ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್. ‘ಇಂಥ ಶಾಲೆಗೆ ಇಂಥ ವರ್ಷ ಪಾವತಿಸಿದ ಆರ್‌ಟಿಇ ಮರುಪಾವತಿ ಮೊತ್ತ ಮತ್ತು ಶಾಲೆ ಸಲ್ಲಿಸಿದ ಬೇಡಿಕೆಯ ಪ್ರತಿ ಕೊಡಿ’ ಅಂತ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಖಾಸಗಿ ಶಾಲೆ, ನಮಗೆ ಬರಲ್ಲ’ ಅಂತ ಹೇಳಿ ಕಳಿಸಲು ನೋಡುತ್ತಾರೆ. ನೀವು ಕೇಳುತ್ತಿರುವುದು ಕಚೇರಿಯ ಕಡತ. ಅದೂ ಅಲ್ಲದೆ, ಬೇರೆ ಕಾಯ್ದೆಯಡಿ ಸರ್ಕಾರ ಒಂದು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ ಮಾಹಿತಿ ಹಕ್ಕಿನೊಳಗೇ ಬರುತ್ತದೆ, 2(ಎಫ್) ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ 12(3) ಪ್ರಕಾರ ಶಾಲೆ ಇಲಾಖೆಗೆ ಕೇಳಿದ ಮಾಹಿತಿ ಕೊಡಲೇಬೇಕು. ಎರಡನ್ನೂ ಸೇರಿಸಿ ಓದಿದರೆ ಬಾಗಿಲು ತಾನಾಗಿ ತೆಗೆಯುತ್ತದೆ.

ಒಂದು ಮಾತು ಮಗಳ ಹತ್ತಿರ ಕೇಳಿ, ಗದರಿಸದೆ. ಎಲ್ಲಿ ಕೂರಿಸ್ತಾರೆ? ಫೀಸಿನ ವಿಷಯಕ್ಕೆ ಕ್ಲಾಸಲ್ಲಿ ಎಬ್ಬಿಸಿ ನಿಲ್ಲಿಸಿದ್ದಾರಾ? ಆರ್‌ಟಿಇ ಮಕ್ಕಳನ್ನು ಬೇರೆ ಕೂರಿಸುವುದು, ಬೇರೆ ಹೊತ್ತಿಗೆ ಪಾಠ ಮಾಡುವುದು, ಲೈಬ್ರರಿ ಆಟ ತಪ್ಪಿಸುವುದು ಯಾವುದೂ ಸಲ್ಲದು. ದುಡ್ಡಿಗಿಂತ ಇದು ದೊಡ್ಡ ದೂರು. ಹಾಗೇನಾದರೂ ಇದ್ದರೆ ಅರ್ಜಿಯಲ್ಲಿ ಅದೇ ಮೊದಲ ಸಾಲಾಗಲಿ.

ನಾನು ಆಟೊ ಓಡಿಸ್ತೀನಿ. ಮಗ 2018-19ರಲ್ಲಿ ಆರ್‌ಟಿಇಯಲ್ಲಿ 1ನೇ ಕ್ಲಾಸಿಗೆ ಸೇರಿದ್ದ. ಈ ವರ್ಷ 8 ಮುಗಿಯುತ್ತೆ. 9ಕ್ಕೆ 38,000 ಕಟ್ಟಿ, ಇಲ್ಲಾ ಟಿಸಿ ತಗೊಳ್ಳಿ ಅಂತಾರೆ. ಟಿಸಿ ಬೇಕಾದರೂ ಹಳೇ ಬಾಕಿ 9,000 ಕಟ್ಟಬೇಕಂತೆ.
— ಹಿರಿಯೂರು

9ನೇ ತರಗತಿಗೆ ಫೀಸು ಕೇಳುವುದು ತಪ್ಪಲ್ಲಣ್ಣ. ಕಾಯ್ದೆ 8ಕ್ಕೇ ನಿಲ್ಲುತ್ತದೆ. ಸೇರಿಸುವಾಗಲೇ ಯಾರಾದರೂ ನಿಮಗೆ ಇದನ್ನು ಹೇಳಬೇಕಿತ್ತು, ಯಾರೂ ಹೇಳುವುದಿಲ್ಲ. ಆದರೆ ‘ಹಳೇ ಬಾಕಿ’ ಅನ್ನುವುದೇ ಇಲ್ಲ. ಉಚಿತ ಸೀಟಿಗೆ ಬಾಕಿ ಎಲ್ಲಿಂದ ಬಂತು? ಅದಕ್ಕಾಗಿ ಟಿಸಿ ಹಿಡಿದಿಡುವಂತಿಲ್ಲ. 5ನೇ ಕಲಮಿನಲ್ಲಿ 8ರ ತನಕ ಓದುವ ಮಕ್ಕಳ ಟಿಸಿ ಕೂಡಲೇ ಕೊಡಬೇಕು ಅಂತಿದೆ, ತಡ ಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತು ಕ್ರಮಕ್ಕೂ ಅವಕಾಶವಿದೆ. ಅರ್ಜಿ, ಸೀಲು, ಹಿಂಬರಹ: ದಾರಿ ಮೇಲೆ ಹೇಳಿದ್ದೇ.

ಹೊಟ್ಟೆ ಉರಿಸುವ ಇನ್ನೊಂದು ವಿಷಯ ಇದೆ. 8ನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಇರುತ್ತದೆ. ಪಾಸಾಗಿ ಆಯ್ಕೆಯಾದರೆ 9ರಿಂದ 12ರ ತನಕ ವರ್ಷಕ್ಕೆ 12,000 ರೂಪಾಯಿ. ಅದು ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ನಿಮ್ಮ ಮಗ ಬಡವ ಅಂತಲೇ ಖಾಸಗಿ ಶಾಲೆಯಲ್ಲಿ ಸೀಟು ಸಿಕ್ಕಿತು, ಖಾಸಗಿ ಶಾಲೆಯಲ್ಲಿದ್ದಾನೆ ಅಂತ ಬಡವರ ಪರೀಕ್ಷೆ ಕೈತಪ್ಪಿತು. ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಈಗಲೇ ಒಮ್ಮೆ ಹೋಗಿ ಹೆಡ್‌ಮಾಸ್ಟರನ್ನು ಮಾತಾಡಿಸಿ ಬನ್ನಿ. ಜೂನ್ ತನಕ ಕಾಯಬೇಡಿ.

ನಮ್ಮದು ಸಣ್ಣ ಶಾಲೆರೀ. 140 ಮಕ್ಕಳು, ಅದರಾಗ 23 ಆರ್‌ಟಿಇ. ಸರ್ಕಾರದ ಕಂತು ಒಂದು ವರ್ಷ ಬಿಟ್ಟು ಬರ್ತದ. ಟೀಚರ್ ಪಗಾರ ಒಂದನೇ ತಾರೀಖಿಗೇ ಕೊಡಬೇಕಲ್ಲ? ನಿಮ್ಮ ಅಂಕಣ ಓದಿದರೆ ನಾವೆಲ್ಲಾ ಕಳ್ಳರು ಅನ್ನೋ ಹಂಗದ.
— ಒಂದು ಶಾಲೆಯ ಕಾರ್ಯದರ್ಶಿ, ರಾಣೆಬೆನ್ನೂರು

ನಿಮ್ಮ ಸಿಟ್ಟು ನ್ಯಾಯವಾದದ್ದು. ಇಲಾಖೆ ತಡ ಮಾಡುತ್ತದೆ, ನಾನೇ ತಡ ಮಾಡಿದ್ದೇನೆ. ಅನುದಾನ ಬಿಡುಗಡೆ ಆಗದೆ ಬಿಲ್ಲುಗಳು ನನ್ನ ಬೀರುವಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದವು. ನಿಮ್ಮಂಥ ಶಾಲೆಗೆ 23 ಮಕ್ಕಳ ದುಡ್ಡು ಅಂದರೆ ಇಬ್ಬರು ಮೂವರು ಟೀಚರ ಸಂಬಳ. ದೊಡ್ಡ ಶಾಲೆಗಳಿಗೆ ಅದು ಲೆಕ್ಕಕ್ಕಿಲ್ಲ, ಜೋರಾಗಿ ಅಳುವವರು ಅವರೇ.

ಆದರೆ ಇಲಾಖೆಯ ಸಾಲವನ್ನು ಮಗುವಿನ ಹತ್ತಿರ ವಸೂಲಿ ಮಾಡುವುದಕ್ಕೆ ನಿಮಗೂ ಹಕ್ಕಿಲ್ಲ. ಸಾಲಗಾರ ಯಾರೋ, ಕೇಳಬೇಕಾದ್ದು ಅವರನ್ನು. ನೀವೂ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಪಿಐ) ಬರೆದು ಹಿಂಬರಹ ತಗೊಳ್ಳಿ, ನೀವೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಬಿಲ್ಲು ಯಾವ ಟೇಬಲ್ಲಿನಲ್ಲಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ವಿಷಯ ನಿಮ್ಮಂಥವರ ಬಾಯಿಂದ ಬರಲಿ ಅಂತ ಕಾಯುತ್ತಿದ್ದೆ, ಬರಲಿಲ್ಲ. ನಾನೇ ಹೇಳುತ್ತೇನೆ. ಕಾಯ್ದೆ ಏನನ್ನುತ್ತದೆ? ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು, ಅಥವಾ ಈ ಶಾಲೆ ನಿಜವಾಗಿ ತೆಗೆದುಕೊಳ್ಳುವ ಫೀಸು, ಎರಡರಲ್ಲಿ ಕಮ್ಮಿ ಯಾವುದೋ ಅಷ್ಟು ಕೊಡಬೇಕು. ಈ ‘ನಿಜವಾಗಿ’ ಅನ್ನುವಲ್ಲೇ ಆಟ. ನನ್ನ ಟೇಬಲ್ಲಿಗೆ ಬಂದ ಒಂದು ಫೀಸು ಪಟ್ಟಿಯಲ್ಲಿ 2ನೇ ತರಗತಿಗೆ 12,500 ಅಂತ ಅಚ್ಚು ಹಾಕಿಸಿದ್ದರು. ಅದೇ ಶಾಲೆಯಲ್ಲಿ ನಮ್ಮ ಕಚೇರಿಯ ಡ್ರೈವರಿನ ಮಗಳು ಓದುತ್ತಿದ್ದಳು. ಅವನ ಜೇಬಿನಲ್ಲಿದ್ದ ರಸೀದಿ 8,000ದ್ದು, ಅದರಲ್ಲೇ ಎಲ್ಲಾ ಸೇರಿ. ಬೇರೆ ಮಕ್ಕಳ ಅಪ್ಪಂದಿರು 8,000 ಕೊಟ್ಟರೆ ಸರ್ಕಾರ ಯಾಕೆ 11,848 ಕೊಡಬೇಕು? ಎಲ್ಲಾ ಮಕ್ಕಳ ಫೀಸು ರಸೀದಿ ಪುಸ್ತಕ ಒಮ್ಮೆ ತರಿಸಿ ನೋಡಿದರೆ ತೀರಿತು. ತರಿಸುವವರು ಯಾರು?

ನಿಮ್ಮ ಶಾಲೆಯ ಫೀಸು ಪಟ್ಟಿ, ಸರ್ಕಾರದಿಂದ ಬಂದ ಕಂತು, ಬಾಕಿ ಕಂತು, ಮೂರನ್ನೂ ನೋಟಿಸ್ ಬೋರ್ಡಿಗೆ ಹಾಕಿಬಿಡಿ. ಪೋಷಕರೇ ನಿಮ್ಮ ಪರ ಬಿಇಒ ಕಚೇರಿಗೆ ಬರುತ್ತಾರೆ. ಒಂದು ಶಾಲೆಯವರು ಹಾಗೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹದಿನೈದು ಜನ ಅಮ್ಮಂದಿರು ನಮ್ಮ ಕಚೇರಿ ಜಗಲಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತರು. ಬಿಲ್ಲು ಆ ವಾರವೇ ಹೋಯಿತು.

ಹೊಸ ಆರ್‌ಟಿಇ ಸೀಟು ಯಾಕಿಲ್ಲ ಅಂತ ಹಲವರು ಕೇಳಿದ್ದಾರೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಅನುದಾನರಹಿತ ಶಾಲೆ ಈ ಸೀಟು ಕೊಡಬೇಕಿಲ್ಲ ಅಂತ ರಾಜ್ಯ ಸರ್ಕಾರ ನಿಯಮ ತಿದ್ದಿತು. 2019ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಇಲ್ಲದ ಊರು ನಮ್ಮಲ್ಲಿ ಎಷ್ಟಿದೆ ಹೇಳಿ? ಮೊದಲೇ ಸೇರಿದ ಮಕ್ಕಳು ಮಾತ್ರ 8ರ ತನಕ ಮುಂದುವರಿಯುತ್ತಾರೆ. 2018ರ ಎಲ್‌ಕೆಜಿ ಮಕ್ಕಳು 8ಕ್ಕೆ ಬರುವುದು 2027-28ಕ್ಕೆ. ಅಲ್ಲಿಯ ತನಕ ಈ ಲೆಕ್ಕ ಜೀವಂತ.

ಮಗ 9ನೇ ಕ್ಲಾಸು. ಸ್ಕಾಲರ್‌ಶಿಪ್‌ಗೆ ಅಂತ ಖಾತೆ ತೆರೆಸಿ ಪಾಸ್‌ಬುಕ್, ಎಟಿಎಂ ಕಾರ್ಡು ಎರಡನ್ನೂ ಶಾಲೆಯವರೇ ಇಟ್ಟುಕೊಂಡಿದ್ದಾರೆ. ಕೇಳಿದರೆ 1,000 ರೂಪಾಯಿ ಕೈಗೆ ಕೊಟ್ಟು ಇಷ್ಟೇ ಬಂದದ್ದು ಅಂದರು.
— ಕಲಬುರಗಿ

ನಾಳೆ ಬೆಳಗ್ಗೆ ಬೇರೆ ಕೆಲಸ ಬಿಡಿ. ಮಗನನ್ನು, ಅವನ ಆಧಾರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ. ಎಟಿಎಂ ಕಾರ್ಡು ಬ್ಲಾಕ್ ಮಾಡಿಸಿ, ಹೊಸ ಪಾಸ್‌ಬುಕ್ ಬರೆಸಿಕೊಳ್ಳಿ, ಒಂದು ವರ್ಷದ ಸ್ಟೇಟ್‌ಮೆಂಟ್ ತಗೊಳ್ಳಿ. ಶಾಲೆಗೆ ಆಮೇಲೆ ಹೋಗುವಿರಂತೆ. ಈಗ ಸ್ಕಾಲರ್‌ಶಿಪ್ ಬರುವುದು ಮಗುವಿನ ಆಧಾರ್ ಜೋಡಿಸಿದ ಖಾತೆಗೆ ನೇರ. ಮಧ್ಯೆ ಶಾಲೆಯ ಕೈ ಇರಬಾರದು ಅಂತಲೇ ಆ ವ್ಯವಸ್ಥೆ. ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲೇ ಕಾಣುತ್ತದೆ, ಸೈಬರ್ ಸೆಂಟರಿನ ಹುಡುಗರಿಗೆ ಗೊತ್ತಿರುತ್ತದೆ.

ಆದರೂ ಶಾಲೆಯ ಒಂದು ಕೈ ಉಳಿದೇ ಇದೆ. ಈ ಮಗು ನಮ್ಮಲ್ಲೇ ಓದುತ್ತಿದೆ ಅಂತ ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತುವುದು ಶಾಲೆಯವರೇ. ಅಲ್ಲಿಂದ ಏನಾಗುತ್ತದೆ ಅಂತ 2023ರಲ್ಲಿ ದೇಶವೇ ನೋಡಿತು. ಕೇಂದ್ರದ ಅಲ್ಪಸಂಖ್ಯಾತರ ಸಚಿವಾಲಯ ತನ್ನ ವಿದ್ಯಾರ್ಥಿವೇತನ ಹೋಗುತ್ತಿದ್ದ 1,572 ಸಂಸ್ಥೆಗಳನ್ನು ತಪಾಸಣೆ ಮಾಡಿಸಿತು. 830 ಕಡೆ ನಕಲಿ ವ್ಯವಹಾರ ಸಿಕ್ಕಿತು. ಐದು ವರ್ಷದ ನಷ್ಟ 144.83 ಕೋಟಿ ಅಂತ ಲೆಕ್ಕ ಹಾಕಿ ಸಿಬಿಐಗೆ ಕೊಟ್ಟರು. ಅರ್ಧಕ್ಕಿಂತ ಜಾಸ್ತಿ! ಸ್ಥಳಕ್ಕೆ ಒಬ್ಬ ಮನುಷ್ಯ ಹೋಗಿ ಬಾಗಿಲು ತಟ್ಟಿದ್ದರೆ ಮೊದಲ ವರ್ಷವೇ ಗೊತ್ತಾಗುತ್ತಿತ್ತು. ಪೋರ್ಟಲ್‌ಗೆ ಬಾಗಿಲು ತಟ್ಟಲು ಬರುವುದಿಲ್ಲ.

ಸ್ಟೇಟ್‌ಮೆಂಟಿನಲ್ಲಿ 1,000ಕ್ಕಿಂತ ಹೆಚ್ಚು ಬಂದು, ಎಟಿಎಂನಿಂದ ತೆಗೆದದ್ದು ಕಂಡರೆ ಇದು ಶಿಕ್ಷಣ ಇಲಾಖೆಯ ವಿಷಯ ಅಲ್ಲ, ಪೊಲೀಸ್ ಠಾಣೆಯ ವಿಷಯ.

ನಾವು ಫೀನಿಕ್ಸ್‌ನಲ್ಲಿದ್ದೇವೆ. ಇಲ್ಲಿ ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೆ ರಾಜ್ಯ ಸರ್ಕಾರವೇ ದುಡ್ಡು ಕೊಡುತ್ತೆ. ಇದೂ ನಿಮ್ಮ ಆರ್‌ಟಿಇ ಥರಾನೇ ಅಲ್ವಾ?
— ಅರಿಜೋನಾ

ಅಲ್ಲ. ನಿಮ್ಮಲ್ಲಿ 2011ರಲ್ಲಿ ಅಂಗವಿಕಲ ಮಕ್ಕಳಿಗೆ ಅಂತ ಶುರುವಾದ ಖಾತೆ 2022ರಲ್ಲಿ ಎಲ್ಲರಿಗೂ ಆಯಿತು, ಸಾಹುಕಾರರಿಗೂ. ವರ್ಷಕ್ಕೆ ಸುಮಾರು 7,000 ಡಾಲರ್, ಪೋಷಕರ ಕೈಗೆ. ನಮ್ಮಲ್ಲಿ ಬಡ ಮತ್ತು ಅವಕಾಶವಂಚಿತ ವರ್ಗದ ಮಗುವಿಗೆ ಮಾತ್ರ, ದುಡ್ಡು ಶಾಲೆಯ ಕೈಗೆ, ಸೀಟು ಲಾಟರಿಯಲ್ಲಿ. ಮಗುವನ್ನು ಪರೀಕ್ಷೆ ಮಾಡಿ ಆರಿಸುವಂತಿಲ್ಲ, ಮಾಡಿದರೆ ಮೊದಲ ಸಲ 25,000 ರೂಪಾಯಿ ತನಕ ದಂಡ. ಅರಿಜೋನಾದ ಖಾಸಗಿ ಶಾಲೆ ಮಗುವನ್ನು ಬೇಡ ಅನ್ನಬಹುದು, ರಾಜ್ಯದ ಪರೀಕ್ಷೆಯನ್ನೂ ಕೊಡಿಸಬೇಕಿಲ್ಲ. ಅದೇ ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ, 1990ರಿಂದ ಇಂಥ ಯೋಜನೆ ಇರುವ ಕಡೆ, ಸರ್ಕಾರದ ದುಡ್ಡಲ್ಲಿ ಓದುವ ಮಕ್ಕಳಿಗೆ ರಾಜ್ಯದ ಪರೀಕ್ಷೆ ಮಾಡಿಸಲೇಬೇಕು. ದುಡ್ಡಿನ ಹಿಂದೆ ಲೆಕ್ಕ ಹೋಗಬೇಕು ಅನ್ನುವ ನನ್ನಂಥವಳಿಗೆ ಮಿಲ್ವಾಕಿ ವಾಸಿ. ನಿಮ್ಮ ಶಾಲೆಯನ್ನು ಕೇಳಿ ನೋಡಿ: ನಮ್ಮ ಮಕ್ಕಳ ಫಲಿತಾಂಶ ಯಾರ ಮುಂದೆ ಇಡುತ್ತೀರಿ ಅಂತ.

ಮೇಡಂ, ನಿವೃತ್ತಿಯಾದ ಮೇಲೆ ಎಲ್ಲರಿಗೂ ಧೈರ್ಯ ಬರುತ್ತದೆ. ಕುರ್ಚಿಯಲ್ಲಿದ್ದಾಗ ಎಷ್ಟು ಬಿಲ್ಲು ತಡೆದಿದ್ದೀರಿ?
— ನಿವೃತ್ತ ಶಿಕ್ಷಕರು, ಸಾಗರ

ಎರಡು, ಮೇಷ್ಟ್ರೇ. ಏಳು ವರ್ಷದಲ್ಲಿ ಎರಡು. ಆ ಡ್ರೈವರಿನ ರಸೀದಿಯ ಶಾಲೆ ಒಂದು. ತಡೆಯದೆ ಬಿಟ್ಟದ್ದರಲ್ಲಿ ಒಂದನ್ನು ಹೇಳುತ್ತೇನೆ, ಕೇಳಿದ್ದೀರಲ್ಲ.

2014ರ ಮಾರ್ಚ್ ಕೊನೆಯ ವಾರ. ಖಜಾನೆಯ ಗಡಿಬಿಡಿ ನಿಮಗೆ ಗೊತ್ತು. ಒಂದು ಖಾಸಗಿ ಶಾಲೆಯ ಎರಡನೇ ಕಂತಿನ, ಅಂದರೆ ವರ್ಷದ ಅರ್ಧ ದುಡ್ಡಿನ, ಪಟ್ಟಿ ನನ್ನ ಎದುರಿಗಿತ್ತು, 23 ಮಕ್ಕಳು. ಅದರ ಪಕ್ಕದಲ್ಲೇ ಒಂದು ಸರ್ಕಾರಿ ಶಾಲೆಯ ವಿದ್ಯಾರ್ಥಿವೇತನದ ಪಟ್ಟಿ ಬಿದ್ದಿತ್ತು. 2ನೇ ತರಗತಿಯ ಒಂದು ಹುಡುಗಿ ಎರಡರಲ್ಲೂ ಇದ್ದಳು. ಅದೇ ಹೆಸರು, ಅದೇ ಅಪ್ಪ, ಅದೇ ಹುಟ್ಟಿದ ದಿನ. ಸರ್ಕಾರಿ ಶಾಲೆಯ ಹೆಡ್‌ಮೇಡಮ್ಮಿಗೆ ಫೋನ್ ಮಾಡಿದೆ. ‘ಹೌದಮ್ಮ, ದಸರಾ ರಜೆ ಮುಗಿದ ಮೇಲೆ ಇಲ್ಲಿಗೇ ಬರ್ತಿದ್ದಾಳೆ. ಆ ಶಾಲೆಯ ವ್ಯಾನಿಗೆ ದುಡ್ಡು ಹೊಂದಿಸಕ್ಕಾಗಲಿಲ್ಲವಂತೆ’ ಅಂದರು. ಖಾಸಗಿ ಶಾಲೆಯವರ ಹಾಜರಿಯಲ್ಲಿ ಅವಳು ಮಾರ್ಚ್ ತನಕವೂ ಒಂದು ದಿನ ತಪ್ಪಿಸಿರಲಿಲ್ಲ.

ಹೆಸರಿನ ಎದುರು ಪೆನ್ಸಿಲಿನಲ್ಲಿ ಸುತ್ತು ಹಾಕಿ ಸಾಹೇಬರ ಹತ್ತಿರ ಒಯ್ದೆ. ಅವರು ಕೆಟ್ಟವರಲ್ಲ. ‘ಒಂದು ಮಗು ತಾನೇ, ಬಿಡಮ್ಮ. ಈಗ ವಾಪಸ್ ಕಳಿಸಿದರೆ 31ರೊಳಗೆ ಬಿಲ್ಲು ಬರಲ್ಲ, ಲ್ಯಾಪ್ಸ್ ಆಗುತ್ತೆ. ಉಳಿದ 22 ಮಕ್ಕಳ ದುಡ್ಡೂ ಹೋಗುತ್ತೆ. ಮುಂದಿನ ಕಂತಲ್ಲಿ ಕಡಿತ ಮಾಡೋಣ’ ಅಂದರು. ಅದೂ ಸರಿ ಅನ್ನಿಸಿತು. ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಡ್ಯೂಟಿ ಬಿತ್ತು. ಮುಂದಿನ ಕಂತು ಬಂದಾಗ ಯಾರಿಗೂ ನೆನಪಿರಲಿಲ್ಲ, ನನಗೂ. ನೆನಪು ಮಾಡಲು ಪಟ್ಟಿಯಲ್ಲಿ ಗುರುತೂ ಇರಲಿಲ್ಲ. ಬಿಲ್ಲಿಗೆ ಲಗತ್ತಿಸುವ ಪ್ರತಿ ಸ್ವಚ್ಛವಾಗಿರಲಿ ಅಂತ ಆ ಸುತ್ತನ್ನು ರಬ್ಬರಿನಲ್ಲಿ ಅಳಿಸಿದ್ದು ನಾನೇ. 5,924 ರೂಪಾಯಿ.